ಪೂರ್ತಿ ಮುಟ್ಟಿದೆ

ಇಟ್ಟಿಗೆ ಕೆಲಸದಲ್ಲೇ ತಲೆ ನರೆತ ಆರ್ವಿಲ್‌ಗೆ ಒಹಾಯೊದ ಯಾವ ಗುತ್ತಿಗೆದಾರನೂ ಟೋಪಿ ಹಾಕಿರಲಿಲ್ಲ. ‘ಹಣ ಪೂರ್ತಿ ಮುಟ್ಟಿದೆ, ಕಟ್ಟಡದ ಮೇಲೆ ನನಗಿನ್ನು ಹಕ್ಕಿಲ್ಲ’ ಎಂಬ ಪತ್ರವನ್ನು, ಒಂದು ಕೈಯಲ್ಲಿ ಚೆಕ್ ಹಿಡಿಯದೆ ಇನ್ನೊಂದು ಕೈಯಿಂದ ಬಿಟ್ಟುಕೊಡುವ ಆಸಾಮಿಯೇ ಅಲ್ಲ. ಈ ಸಲದ ಗುತ್ತಿಗೆದಾರ ಮಾತ್ರ ಹೆತ್ತ ಮಗ ಡ್ವೇನ್.

“ಪತ್ರ ಕೊಟ್ರೇನೇ ಕಟ್ಟಡಕ್ಕೆ ಸಾಲ ಕೊಟ್ಟಿರೋ ಬ್ಯಾಂಕಿನೋರು ನಿನ್ನ ದುಡ್ಡು ಬಿಡೋದು. ನನ್ನೂ ನಂಬಲ್ವಾ ಅಪ್ಪಾ?” ಅಂದ. ಆರ್ವಿಲ್ ರುಜು ಹಾಕಿದ.

ಬ್ಯಾಂಕು ಬಿಟ್ಟ ದುಡ್ಡನ್ನು ಡ್ವೇನ್ ತನ್ನ ಹಳೇ ಸಾಲಕ್ಕೆ ಸುರಿದ. ತನ್ನ ಕೈಕೆಳಗಿನ ಕೂಲಿಯವರಿಗೆ ಕೊಡಲು ಆರ್ವಿಲ್ ತನ್ನ ಟ್ರಕ್ಕನ್ನೇ ಮಾರಿದ. ಕೊನೆಗೆ ಫೋನ್ ಮಾಡಿ ಗದರಿದರೆ ಮಗ, “ಮುಟ್ಟಿದೆ ಅಂತ ನೀನೇ ಬರ್ಕೊಟ್ಟಿದ್ದೀಯಲ್ಲ! ಬೇಕಾದ್ರೆ ಕೋರ್ಟಿಗೆ ಹೋಗು,” ಅಂದುಬಿಟ್ಟ.

ಅಡುಗೆಮನೆಯಿಂದ ಹೆಂಡತಿ ವರ್ನಾ ಕೂಗಿದಳು: “ಮಗ ದುಡ್ಡು ಕೊಟ್ಟನೇನ್ರೀ?”

ಆರ್ವಿಲ್ ಫೋನ್ ಇಟ್ಟ. “ಪೂರ್ತಿ ಮುಟ್ಟಿತು ಕಣೇ,” ಅಂದ.