ಮೂರು ನೀಲಿ ಬಿಲ್ಲೆ

"ಕೈ ಮ್ಯಾಲ ಮಾಡ್ರಿ," ಎಂದು ನಂದಾ ಕೂಗಿದಳು. ಅಣ್ಣಿಗೇರಿಯ ಆ ತಗಡಿನ ಶೆಡ್ಡಿನಲ್ಲಿದ್ದವರೆಲ್ಲ ಹಿಡಿದ ಕೆಲಸ ಬಿಟ್ಟು ಎರಡೂ ಕೈ ಎತ್ತಿ ನಿಂತರು. ಊರುಗಳ ನೀರಿನ ಮೋಟಾರಿಗೆ ಹಾಕುವ ಸ್ಟಾರ್ಟರ್ ಡಬ್ಬಿಗೆ ಎರಡು ಸಾವಿರ ವೋಲ್ಟ್ ಕೊಟ್ಟು ಪರೀಕ್ಷಿಸುವಾಗ ಯಾರ ಕೈಯೂ ಯಾವುದಕ್ಕೂ ತಗುಲಿರಬಾರದು. ತಪಾಸಣೆಗೆ ಬಂದ ಸಾಹೇಬರೂ ಚಹದ ಕಪ್ಪಿನ ಸಮೇತ ಕೈ ಎತ್ತಿದರು. ನಂದಾ ಗುಂಡಿ ಒತ್ತಿದಳು. ಹಸಿರು ದೀಪ ಹತ್ತಿತು. ಅದು ಕೊನೆಯ ಡಬ್ಬಿ, ಎಲ್ಲವೂ ಪಾಸಾಗಿದ್ದವು.

ಸಾಹೇಬರ ಜೀಪು ಹೋದ ಮೇಲೆ ನಂದಾ ಬಿಲ್ಲೆಗಳ ಬರಣಿಯನ್ನು ಎಳೆದುಕೊಂಡಳು. ತಂತಿಯಲ್ಲಿ ಸಿಡಿಲಿನ ಹೊಡೆತ ಬಂದರೆ ಅದನ್ನು ನೆಲಕ್ಕೆ ದಾಟಿಸುವ ನೀಲಿ ಬಿಲ್ಲೆಗಳವು, ಡಬ್ಬಿಗೆ ಮೂರರಂತೆ. ಪರೀಕ್ಷೆಯ ಹೊತ್ತಿಗೆ ಅವನ್ನು ಬಿಚ್ಚಿಡಲೇಬೇಕು. ಇಲ್ಲದಿದ್ದರೆ ಪರೀಕ್ಷೆಯ ಕರೆಂಟನ್ನೂ ಸಿಡಿಲೆಂದೇ ತಿಳಿದು ನೆಲಕ್ಕಿಳಿಸಿ, ಒಳ್ಳೆಯ ಡಬ್ಬಿಯನ್ನೂ ಫೇಲು ಮಾಡಿಬಿಡುತ್ತವೆ. ಮುಗಿದ ಮೇಲೆ ತಿರುಗಿ ಹಚ್ಚಬೇಕು. ಬಿಚ್ಚಿದವರೇ ಹಚ್ಚಬೇಕು ಎಂಬುದು ಅವಳಿಗೆ ಕೆಲಸ ಕಲಿಸಿದ ರಮಜಾನ್ ಕಾಕಾನ ಕಟ್ಟಪ್ಪಣೆ.

ಮಾಲಕ ಕಾಶಿನಾಥ ಬಂದು ಬರಣಿಯ ಮೇಲೆ ಅಂಗೈ ಇಟ್ಟ.

"ಇರ್ಲಿ ಬಿಡವಾ."

"ಹಚ್ಚಬೇಕಲ್ರಿ, ಸಾವ್ಕಾರ್ರ."

"ಇಲ್ಲದನ ಪಾಸ್ ಆಗ್ಯಾವಲ್ಲ, ಇನ್ಯಾಕ ಹಚ್ತಿ? ಮುಂದಿನ ಸಲ ಸಾಹೇಬ್ರು ಬಂದಾಗ ತೋರ್ಸಾಕ ಇವ ಸಾಕು, ಹೊಸಾವಕ್ಕ ರೊಕ್ಕ ಯಾಕ?"

ಎಂಥ ನ್ಯಾಯ ನೋಡಿ. ಗುಡಿಯ ಹೊರಗೆ ಚಪ್ಪಲಿ ಬಿಟ್ಟವನಿಗೆ, ಪೂಜೆ ಆಯಿತಲ್ಲ, ಇನ್ನು ಚಪ್ಪಲಿ ಯಾಕೆ ಎಂದು ಕೇಳಿದ ಹಾಗಾಯಿತು.

"ಸಿಡ್ಲ ಬಡದ್ರ ಡಬ್ಬೀಗೆ ಕರೆಂಟ್ ಬರ್ತೈತ್ರಿ. ಮುಟ್ಟಿದವ್ರು ಉಳಿಯೂದಿಲ್ಲ," ಎಂದಳು ನಂದಾ. "ತಿರ್ಲಾಪುರಕ್ಕೂ ಒಂದು ಹೊಂಟೈತಿ. ಅದನ್ನ ಚಾಲೂ ಮಾಡಾಂವ ನನ್ನ ಗಂಡ."

ಅವಳ ಗಂಡ ಸಣ್ಣಪ್ಪ ಊರಿಗೆ ನೀರು ಬಿಡುವವ. ಒದ್ದೆ ಕೈಯಲ್ಲೇ ಗುಂಡಿ ಒತ್ತುವ ಚಾಳಿ ಅವನದು. ಎಷ್ಟು ಬೈದರೂ ಬಿಟ್ಟಿರಲಿಲ್ಲ.

ಕಾಶಿನಾಥ ಅವಳನ್ನೇ ನೋಡಿದ. ಸಿಟ್ಟಾಗುತ್ತಾನೆ ಅಂದುಕೊಂಡಳು; ಆಗಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಬರಣಿಯಿಂದ ಮೂರು ಬಿಲ್ಲೆ ತೆಗೆದು ಅವಳ ಮುಂದಿಟ್ಟ.

"ನಿಮ್ಮೂರ ಡಬ್ಬೀಗೆ ಹಚ್ಚು. ನಿನ್ನ ಕುಂಕುಮ ಗಟ್ಟಿ ಇರ್ಲಿ. ಉಳದದ್ದು ನಿನಗ್ಯಾಕ?"

"ಅಲ್ರಿ, ಉಳದ ಊರಾಗೂ..."

"ಬ್ಯಾಡಂದ್ರ ಈ ಮೂರೂ ತಿರುಗಿ ಬರಣ್ಯಾಗ ಹಾಕು. ನಾಳೆ ನಿನ್ನ ಸ್ಟೂಲಿನ ಮ್ಯಾಲ ಪ್ಯಾಕಿಂಗಿನ ಮಲ್ಲಿಕಾ ಕುಂದರ್ತಾಳ. ಡಬ್ಬಿ ಅಂತೂ ಹೋಗಾವ."

ಮೂಲೆಯಲ್ಲಿ ತಂತಿ ಸುಲಿಯುತ್ತ ಕೂತಿದ್ದ ರಮಜಾನ್ ಕಾಕಾ ತಲೆ ಎತ್ತಲಿಲ್ಲ. ನಂದಾಳಿಗೆ ಮೊದಲು ಅವನ ಮೇಲೆ ಸಿಟ್ಟು ಬಂತು. ಅಷ್ಟರಲ್ಲಿ ಬಿಲ್ಲೆಗಳು ತನ್ನ ಮುಷ್ಟಿಯಲ್ಲಿರುವುದು ಗೊತ್ತಾಗಿ ಆ ಸಿಟ್ಟಿಗೂ ನಾಚಿಕೆಯಾಯಿತು.

ಪ್ರತಿ ಡಬ್ಬಿಯ ಮೇಲೂ ಸೀಮೆಸುಣ್ಣದಲ್ಲಿ ಊರಿನ ಹೆಸರು ಬರೆದಿತ್ತು. ತಿರ್ಲಾಪುರದ್ದು ಹಿಂದೆ ಇತ್ತು. ಅದನ್ನು ಎಳೆದುಕೊಳ್ಳಲು ಸಂಶಿಯದನ್ನು ಪಕ್ಕಕ್ಕೆ ಸರಿಸಬೇಕಾಯಿತು, ಸರಿಸಿದಳು. ಮೂರೂ ಬಿಲ್ಲೆ ಕೂರಿಸಿ, ಸ್ಕ್ರೂ ಬಿಗಿದು, ಜಗ್ಗಿ ನೋಡಿದಳು. ಇಷ್ಟು ಮನಸ್ಸಿಟ್ಟು ಅವಳು ಯಾವ ಡಬ್ಬಿಗೂ ಹಚ್ಚಿರಲಿಲ್ಲ.

ಮುಂಗಾರು ಶುರುವಾದ ಮೇಲೆ ಒಂದು ಸಂಜೆ ಸಣ್ಣಪ್ಪ ಅವಳನ್ನು ಪಂಪಿನ ಮನೆಗೆ ಕರೆದುಕೊಂಡು ಹೋದ. ಡಬ್ಬಿಯ ಮೇಲಿನ 'ಪಾಸ್' ಚೀಟಿಯ ಧೂಳನ್ನು ಒರೆಸಿದ.

"ನನ್ನ ಹೇಣ್ತಿ ಪಾಸ್ ಮಾಡಿದ್ದು ಅಂತ ಊರಿಗೆಲ್ಲಾ ಹೇಳೇನಿ," ಎಂದ.

ನಂದಾ ಬಾಗಿಲಾಚೆ ನೋಡಿದಳು. ಎರೆಮಣ್ಣಿನ ಹೊಲಗಳ ಮೇಲೆ, ದೂರ ದಕ್ಷಿಣಕ್ಕೆ ಆಕಾಶ ಕಪ್ಪಗಾಗಿತ್ತು. ಅಲ್ಲಿ ಮಿಂಚಿತು.

"ಕುಂದಗೋಳ, ಸಂಶಿ ಕಡೆ ಹೊಡ್ಯಾಕ ಹತ್ತೈತಿ," ಎಂದ ಸಣ್ಣಪ್ಪ. "ನಮ್ಮ ಕಡೆ ಬರೂದಿಲ್ಲ ತಗೋ."

ಒದ್ದೆ ಕೈಯಲ್ಲೇ ಗುಂಡಿ ಒತ್ತಿದ. ಮೋಟಾರು ಗುಂಯ್ ಎಂದು ಶುರುವಾಯಿತು. ಖುಷಿಯಿಂದ ತಿರುಗಿದವನು ಹೆಂಡತಿಯನ್ನು ನೋಡಿ ನಕ್ಕ.

"ಯಾಕ ನಂದಾ, ಕೈ ಯಾಕ ಎತ್ತಿ ನಿಂತಿ?"

ಆಗಲೇ ಅವಳು ನೋಡಿಕೊಂಡದ್ದು. ಎರಡೂ ಕೈ ಮೇಲಿದ್ದವು. ತೊಟ್ಟಿಗೆ ನೀರು ಬೀಳುತ್ತಿತ್ತು. ಆ ಕಡೆ ಮತ್ತೊಮ್ಮೆ ಮಿಂಚಿತು.