ನಿರ್ಗತಿಕ ಪದಾಧಿಕಾರಿಗಳು

"ಬ್ಯಾಡ್ರಿ ಚಾಚಾ, ಕೈ ಮುಗಿತೀನಿ, ಅದನ್ನ ಮಾತ್ರ ಕಟ್ಟಬ್ಯಾಡ್ರಿ!"

ನೇತ್ರಾ ಬ್ಯಾನರಿನ ಒಂದು ತುದಿ ಹಿಡಿದು ಜಗ್ಗಿದಳು. ಇನ್ನೊಂದು ತುದಿ ಹಿಡಿದಿದ್ದ ಅಲ್ಲಾವುದ್ದೀನ ಬಿಡಲಿಲ್ಲ. ನಸುಕಿನಲ್ಲಿ ಹೆಂಡತಿಯನ್ನು ಕಳೆದುಕೊಂಡ ಮನುಷ್ಯನ ಜೊತೆ, ಅವನದೇ ಅಂಗಳದಲ್ಲಿ, ಬಂದ ಮಂದಿಯ ಎದುರು ಹಗ್ಗಜಗ್ಗಾಟ ಆಡುವುದೆಂದರೆ ಏನು ಚೆಂದ? ಆದರೂ ಅವಳು ಬಿಡುವಂತಿರಲಿಲ್ಲ.

"ಬಿಸಲ ಹ್ಯಾಂಗ ಬಿದ್ದೈತಿ ನೋಡವ್ವಾ," ಎಂದ ಅಲ್ಲಾವುದ್ದೀನ. "ಶಾಮಿಯಾನಾದಂವ ಇನ್ನೂ ಬಂದಿಲ್ಲ. ಹೆಣಮಕ್ಕಳು ಎಲ್ಲಿ ಕೂಡಬೇಕು? ಅಷ್ಟಕ್ಕೂ ಇದು ಆಕಿ ಮಾತು. ನಿನ್ನೆ ಮಲಗೂ ಮುಂದ ಹೇಳ್ಯಾಳ, ಮುಂಜಾನೆದ್ದು ಇದನ್ನ ಬೇವಿನ ಗಿಡಕ್ಕ ಕಟ್ಟು, ಓಣಿ ಮಂದಿ ಎಲ್ಲಾ ನಗಲಿ ಅಂತ."

ಆ ಮಾತಿಗೆ ನೇತ್ರಾಳ ಕೈ ಸಡಿಲವಾಯಿತು. ಬೇವಿನ ಗಿಡಕ್ಕೂ ಕಿಟಕಿಯ ಸರಳಿಗೂ ನಡುವೆ ಬ್ಯಾನರು ಬಿಗಿಯಾಗಿ ನಿಂತಿತು. ಕುಳಿತ ಹೆಂಗಸರಿಗೆ ನೆರಳಾಯಿತು. ಅಕ್ಷರಗಳೆಲ್ಲ ಅವರ ಕಡೆಗೇ ಮುಖ ಮಾಡಿದವು: 'ನರ್ಸುಗಳ ಸಂಘದ ನಿರ್ಗತಿಕ ಪದಾಧಿಕಾರಿಗಳಿಗೆ ಸನ್ಮಾನ.'

ಇರಬೇಕಾದ್ದು 'ನಿರ್ಗಮಿತ'. ಅಧಿಕಾರ ಬಿಟ್ಟು ಹೊರಡುವವರು ಎಂದರ್ಥ. ಬ್ಯಾನರು ಮಾಡಿದವನ ಕೈಯಲ್ಲಿ ಅವರು ಗತಿಯಿಲ್ಲದವರಾಗಿಬಿಟ್ಟಿದ್ದರು. ತಪ್ಪನ್ನೆಲ್ಲ ಅವನ ತಲೆಗೆ ಕಟ್ಟುವ ಹಾಗೂ ಇರಲಿಲ್ಲ. ಅವನು ಮೊಬೈಲಿಗೆ ಕಳಿಸಿದ ಮಾದರಿಯನ್ನು ನೋಡಿ 'ಬರೋಬ್ಬರಿ ಐತಿ' ಎಂದವಳು ಸಂಘದ ಕಾರ್ಯದರ್ಶಿ ನೇತ್ರಾಳೇ.

*

ಹಿಂದಿನ ಸಂಜೆ ಗಜೇಂದ್ರಗಡದ ಬಸ್ಸಿಗೆ ಬಂದ ಬ್ಯಾನರನ್ನು ಜಮಾಲಬಿಯ ಪಡಸಾಲೆಯಲ್ಲಿಯೇ ಬಿಚ್ಚಿದ್ದರು. ಅಧ್ಯಕ್ಷೆ ಜಮಾಲಬಿ, ಖಜಾಂಚಿ ಅರ್ಜುನಪ್ಪ, ಇಬ್ಬರೂ ದವಾಖಾನೆಯ ನೌಕರಿಯಿಂದಲೂ ಸಂಘದಿಂದಲೂ ಒಟ್ಟಿಗೇ ಬಿಡುಗಡೆಯಾಗುವವರು. ದಿನಾ ಎರಡು ಪೇಪರ್ ತಿರುವಿಹಾಕುವ ಟೇಲರ್ ಅಲ್ಲಾವುದ್ದೀನ ಕನ್ನಡಕ ಏರಿಸಿ ದೊಡ್ಡ ದನಿಯಲ್ಲಿ ಓದಿದ. ಓದಿ, ಹೆಂಡತಿ ಜಮಾಲಬಿಯ ಮುಖ ನೋಡಿದ.

ನೇತ್ರಾ ಅಳುವುದೊಂದು ಬಾಕಿ. "ತಪ್ಪಾತ್ರಿ ಆಪಾ. ಈಗ ಫೋನ್ ಮಾಡಿ ಹೊಸಾದು ಮಾಡಸ್ತೀನಿ."

ಮೊದಲು ಜಮಾಲಬಿಯ ಭುಜಗಳು ಅಲುಗಿದವು, ಆಮೇಲೆ ಹೊಟ್ಟೆ, ಕೊನೆಗೆ ಇಡೀ ಮೈ. ನಕ್ಕು ನಕ್ಕು ಗೋಡೆಗೆ ಒರಗಿದಳು.

"ಹೊಸಾದು ಯಾಕ ಬೇಕ? ಅರ್ಜುನಪ್ಪಗಂತೂ ಹೇಳಿ ಮಾಡಿಸಿದಂಗೈತಿ. ಖಜಾಂಚಿ ನಿರ್ಗತಿಕ ಅಂದ್ರ ಅಂವ ಸಂಘದ ರೊಕ್ಕ ಮುಟ್ಟಿಲ್ಲಂತ ಊರಿಗೆಲ್ಲಾ ಗೊತ್ತಾಕ್ಕೈತಿ!"

"ಫ್ರೇಮ್ ಹಾಕಿಸಿ ಮನ್ಯಾಗ ಇಡ್ತೀನ್ರಿ," ಎಂದು ಅರ್ಜುನಪ್ಪನೂ ಕಣ್ಣೊರೆಸಿಕೊಂಡ.

ನಗು ಇಳಿದ ಮೇಲೆ ಜಮಾಲಬಿ ನೇತ್ರಾಳ ಕೈ ಹಿಡಿದಳು. "ಶಬ್ದ ಹೋಗ್ಲಿ ಬಿಡು. ನೀ ನಾಳೆ ಚಂದಾಗಿ ಮಾತಾಡು. ಇಷ್ಟು ವರ್ಷ ರಿಟೈರ್ ಆದವರನ್ನ, ಸಂಘ ಬಿಟ್ಟವರನ್ನ, ಎಲ್ಲಾರನೂ ಹೊಗಳಿದಾಕಿ ನಾನು. ನಾಳೆ ಕುರ್ಚಿ ಮ್ಯಾಲ ಕುಂತು ನನ್ನ ಹೊಗಳಿಕಿ ನಾ ಕೇಳಾಕಿ. ಕಮ್ಮಿ ಮಾಡಿದ್ರ ನೋಡು ಮತ್ತ!"

ನಸುಕಿನ ನಮಾಜಿಗೆ ಅವಳು ಏಳಲಿಲ್ಲ.

*

ಸನ್ಮಾನಕ್ಕೆಂದು ನರೇಗಲ್ಲಿನಿಂದ, ನರಗುಂದದಿಂದ ಹೊರಟಿದ್ದ ನರ್ಸುಗಳು ಬಸ್ ಸ್ಟ್ಯಾಂಡಿನಿಂದ ನೇರ ಈ ಓಣಿಗೆ ಬಂದಿದ್ದರು. ಮುಡಿದ ಹೂವನ್ನು ತೆಗೆಯಬೇಕೋ ಬೇಡವೋ ತಿಳಿಯದೆ ತಲೆತುಂಬ ಸೆರಗು ಹೊದ್ದು ಕುಳಿತಿದ್ದರು. ಶಾಲು, ಹಾರ, ಮೈಕು ಎಲ್ಲ ಹೊರಗೆ ಆಟೋದಲ್ಲಿಯೇ ಉಳಿದಿದ್ದವು.

"ನಾಕು ಮಾತರೆ ಆಡ್ಲೇನ್ರಿ ಅಣ್ಣಾ?" ನೇತ್ರಾ ಅರ್ಜುನಪ್ಪನನ್ನು ಮೆಲ್ಲಗೆ ಕೇಳಿದಳು.

"ಸತ್ತ ಮನ್ಯಾಗ ಭಾಷಣ ಚಂದ ಕಾಣಂಗಿಲ್ಲವ್ವಾ. ಹಿರ್ಯಾರೂ ಒಪ್ಪಂಗಿಲ್ಲ. ಸುಮ್ಮನ ಕೂಡು."

ಸುಮ್ಮನೆ ಕೂತಳು. ಕಿಟಕಿಯ ಆಚೆ, ಸ್ನಾನ ಮಾಡಿಸಿ ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದ ಜಮಾಲಬಿ ಆಪಾ. ಮಧ್ಯಾಹ್ನದ ನಮಾಜಿಗೆ ಒಯ್ಯುತ್ತಾರೆ. ಕೇಳಬೇಕೆಂದು ಆಸೆಪಟ್ಟ ಒಂದು ಒಳ್ಳೆಯ ಮಾತೂ ಕೇಳದೆ ಹೋಗುತ್ತಾಳೆ. ತಾನು ಅವಳಿಗೆ ಕೊಟ್ಟದ್ದೆಂದರೆ ಈ ಒಂದು ಕೆಟ್ಟ ಶಬ್ದ. ನೇತ್ರಾಳಿಗೆ ಬ್ಯಾನರನ್ನು ಹರಿದು ಹಾಕುವಷ್ಟು ಸಂಕಟವಾಯಿತು.

ಅಷ್ಟರಲ್ಲಿ ಮೆಣಸಗಿ ಊರಿನ ಮುದುಕಿ ರೇಣವ್ವ ಕೋಲು ಊರುತ್ತ ಬಂದಳು. ಒಳಗೆ ಹೋಗಿ ನೋಡಿ, ಅತ್ತು, ಹೊರಗೆ ಬಂದು ನೇತ್ರಾಳ ಪಕ್ಕ ಕುಳಿತಳು. ಬ್ಯಾನರಿನ ಮೇಲೆ ಕಣ್ಣು ಬಿತ್ತು.

"ಯವ್ವಾ, ಇಷ್ಟುದ್ದ ಬರ್ದಾರಲ್ಲ, ನಮ್ಮ ನರ್ಸಬಾಯಿ ಬಗ್ಗೇನ? ನನಗ ಓದಾಕ ಬರಂಗಿಲ್ಲ. ಏನೇನ್ ಐತಿ, ಓದಿ ಹೇಳು."

ನೇತ್ರಾ ಎದ್ದು ಬ್ಯಾನರಿನ ಹತ್ತಿರ ನಿಂತಳು. "ನಿರ್..." ಎಂದು ನಿಲ್ಲಿಸಿದಳು. ಬೆರಳು ಆ ಶಬ್ದದ ಮೇಲೇ ಇತ್ತು. ಬಾಯಿ ಮಾತ್ರ ಬೇರೆ ದಾರಿ ಹಿಡಿಯಿತು.

"ರಾತ್ರಿ ಪಾಳಿ ನರ್ಸುಗಳು ಮಲಗೂ ಖೋಲಿಗೆ ಒಳಗಿನ ಚಿಲಕಾನ ಇರಲಿಲ್ಲ, ಅಂತ ಐತಿ ಅಮ್ಮಾ. ಎಷ್ಟು ಸಲ ಕೇಳಿದ್ರೂ ಕೊಡಲಿಲ್ಲ. ಜಮಾಲಬಿ ಅಧ್ಯಕ್ಷರಾದ ಮರುದಿನ ಪ್ಯಾಟಿಯಿಂದ ಚಿಲಕ ತಂದು ಸಾಹೇಬ್ರ ಟೇಬಲ್ ಮ್ಯಾಲ ಇಟ್ಟು, ಬಡಿಗ್ಯಾರನ್ನ ಬಾಗಲದಾಗ ನಿಂದ್ರಿಸಿ, 'ಹ್ಞೂಂ ಅನ್ರಿ ಸರ್' ಅಂದ್ರು."

"ಹ್ಞೂಂ ಅಂದನೇನ ಅಂವ?"

"ಅಂದ್ರು. ಮುಂದಿನ ಸಾಲಿನಾಗ ಐತಿ." ನೇತ್ರಾ ಬೆರಳು ಸರಿಸಿದಳು. "ಹೆರಿಗಿ ವಾರ್ಡಿನಾಗ ಮೊದಲ ದಿನ ರಕ್ತ ನೋಡಿ ಬಿದ್ದ ಹುಡುಗಿಯೊಬ್ಬಾಕಿನ್ನ ಬಾಣಂತಿ ಬಾಜೂಕ ಮಲಗಿಸಿ, ಡಾಕ್ಟರಿಗೆ 'ಇಬ್ರೂ ಆರಾಮ ಅದಾರ್ರಿ' ಅಂದಿದ್ರು. ಆ ಹುಡುಗಿ ಈಗ ಸಂಘದ ಕಾರ್ಯದರ್ಶಿ."

ನರ್ಸುಗಳ ಸೆರಗಿನೊಳಗಿಂದ ಕಿಸಕ್ಕನೆ ನಗು ಬಂತು. ಅಂಗಳದ ಗಂಡಸರು ಒಬ್ಬೊಬ್ಬರಾಗಿ ಹತ್ತಿರ ಸರಿದರು. ಓದು ಬಲ್ಲವರೂ ಅವರಲ್ಲಿದ್ದರು. ಅವರು ಬ್ಯಾನರು ನೋಡಿದರು, ನೇತ್ರಾಳನ್ನು ನೋಡಿದರು, ಬಾಯಿ ಬಿಡಲಿಲ್ಲ.

"ನಮ್ಮದು ಬರ್ದಾರೇನ?" ಎಂದಳು ರೇಣವ್ವ. "ಹೊಳಿ ತುಂಬಿ ಬಂದಾಗ ನನ್ನ ಮಗಳನ್ನ ಹೆರಿಗಿಗೆ ಟ್ರ್ಯಾಕ್ಟರದಾಗ ತಂದದ್ದು? ನರ್ಸಬಾಯಿ ಡ್ರೈವರಗ ಸಾವಕಾಶ ಅಂತ ಒದರಿದ್ಲು, ನನ್ನ ಮಗಳಿಗೆ ಲಗೂ ಅಂತ ಒದರಿದ್ಲು. ಇಬ್ರೂ ಅದಲಬದಲ ಕೇಳಿಸ್ಕೊಂಡು ಅಂವ ಓಡಿಸಿದ, ಈಕಿ ತಡದ್ಲು!"

"ಬರ್ದಾರ ಅಮ್ಮಾ. ಕೂಸಿನ ತೂಕ ಸೈತ ಬರ್ದಾರ."

"ಮತ್ತ ನಂದು?" ನೆರೆಮನೆಯ ಮಕ್ತುಮಬಿ ಮುಂದೆ ಬಂದಳು. "ಸೂಜಿಗೆ ಅಂಜಿ ಓಡ್ತಿದ್ದೆ. 'ನಿಮ್ಮತ್ತಿ ಹೆಸರು ಹಿಡದು ಬಾಯಿತುಂಬ ಬೈ' ಅಂದ್ಲು. ಬೈಯೂದ್ರಾಗ ಚುಚ್ಚೇ ಬಿಟ್ಟಿದ್ಲು. ಆಮ್ಯಾಲ ಬೈಯಾಕಂತನ ವಾರಾ ವಾರಾ ಹೋಗ್ತಿದ್ದೆ."

ಈಗ ಯಾರಿಗೂ ನಗು ತಡೆಯಲಾಗಲಿಲ್ಲ. ಒಬ್ಬ ಹಿರಿಯರು ಕೆಮ್ಮಿ ಗದರಿಸಲು ಹೊರಟವರು, ತಾವೇ ಗಡ್ಡದೊಳಗೆ ನಕ್ಕುಬಿಟ್ಟರು. ಅರ್ಜುನಪ್ಪ ಎದ್ದು ಬಂದು ಬ್ಯಾನರಿಗೆ ಮುಖ ಹಚ್ಚಿ, "ಕೆಳಗಿನ ಸಾಲು ಬಿಟ್ಟಿರಲ್ರಿ ಸಿಸ್ಟರ್, ಅದನ್ನೂ ಓದ್ರಿ," ಎಂದ. ನೇತ್ರಾ ಓದಿದಳು. ಕಣ್ಣೀರು ಸುರಿಯುತ್ತಿತ್ತು, ದನಿ ಗಟ್ಟಿಯಾಗಿತ್ತು. ಕಿಟಕಿಯ ಒಳಗೂ ಕೇಳಲಿ ಎಂದೇ ಗಟ್ಟಿಯಾಗಿ ಓದಿದಳು. ಒಂದು ಮಾತೂ ಕಮ್ಮಿ ಮಾಡಲಿಲ್ಲ.

ಹೊತ್ತಾಯಿತೆಂದು ಒಳಗಿನಿಂದ ಕೂಗು ಬಂತು. ಜಮಾಲಬಿಯನ್ನು ಮಲಗಿಸಿದ ಜನಾಜಾ ಹೊರಗೆ ತಂದರು. ಎಲ್ಲರೂ ಎದ್ದು ದಾರಿ ಬಿಟ್ಟರು.

ರೇಣವ್ವ ನೇತ್ರಾಳ ಸೆರಗು ಜಗ್ಗಿದಳು. "ನಂದು ಯಾವ ಜಾಗಾದಾಗ ಐತಿ, ತೋರಸವ್ವಾ. ಮುಟ್ಟಿ ಹೋಗ್ತೀನಿ."

ನೇತ್ರಾ ಬ್ಯಾನರಿನ ಕಡೆ ತಿರುಗಿದಳು. ಫೋಟೋ ಬೇಡವೆಂದು ಜಮಾಲಬಿ ಹಟ ಹಿಡಿದದ್ದರಿಂದ ಬ್ಯಾನರಿನ ನಡುವೆ ಬರೀ ಬಿಳಿ ಉಳಿದಿತ್ತು. ಮುದುಕಿಯ ಕೈಯನ್ನು ಅಲ್ಲಿಗೆ ಒಯ್ದು ಇಟ್ಟಳು. "ಇಲ್ಲೈತಿ."

"ನಂದು?" ಎಂದಳು ಮಕ್ತುಮಬಿ.

"ಅದರ ಬಾಜೂಕ."

ಆಮೇಲೆ ಯಾರೂ ಕೇಳಲಿಲ್ಲ. ಹೂ ಮುಡಿದ ನರ್ಸುಗಳು, ಓಣಿಯ ಹೆಂಗಸರು ಬಂದು ತಮ್ಮ ತಮ್ಮ ಜಾಗಕ್ಕೆ ಅಂಗೈ ಇಟ್ಟರು. ಬಿಳಿ ಕಾಣದಾಯಿತು.

ಜನಾಜಾದ ಹಿಂದೆ ಹೊರಟಿದ್ದ ಅಲ್ಲಾವುದ್ದೀನ ಗೇಟಿನ ತನಕ ಹೋಗಿ ತಿರುಗಿ ಬಂದ. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. ಬ್ಯಾನರಿನ ಮುಂದೆ ನಿಂತು, "ನಂದೂ ಐತೇನವ್ವಾ?" ಎಂದ.

ಹೆಂಗಸರು ಕೈಗಳನ್ನು ಅತ್ತಿತ್ತ ಸರಿಸಿ ನಡುವೆ ಜಾಗ ಮಾಡಿದರು. ಅವನು ಅಲ್ಲಿ ಅಂಗೈ ಊರಿ ಒಂದು ಗಳಿಗೆ ನಿಂತ. ಆಮೇಲೆ ಹೆಗಲು ಕೊಡಲು ಓಡಿದ.