ಕೇಳಿದ್ದು ಎರಡೇ ಮಾತು

ಡಬ್ಬದ ಮೇಲಿನ ಚೀಟಿ ಅರ್ಧ ಕಿತ್ತು ಬಂದಿದೆ, ಇನ್ನರ್ಧ ಬಿಸಿನೀರಿಗೂ ಜಗ್ಗುತ್ತಿಲ್ಲ, ಐಸ್‌ಕ್ರೀಮಿನ ಚಿತ್ರ, ಎರಡು ಲೀಟರ್, ಹಾಲಿನ ಪುಡಿ ಸಕ್ಕರೆ ಗ್ಲೂಕೋಸ್ ಎಂದು ಸಣ್ಣಕ್ಷರದಲ್ಲಿ ಬರೆದದ್ದನ್ನು ತನುಶ್ರೀಯ ಕಣ್ಣು ತಾನಾಗಿಯೇ ಓದಿಕೊಂಡು ಹೋಗುತ್ತದೆ, ಭಾನುವಾರವೂ ಈ ಕಣ್ಣಿಗೆ ರಜೆಯಿಲ್ಲ, ವಾರದ ಐದು ದಿನ ಮನುಕಾವ್‌ನ ಮಾಂಸದ ಪೈ ಮಾಡುವ ಕಾರ್ಖಾನೆಯಲ್ಲಿ ಅವಳ ಕೆಲಸವೇ ಇದು, ಪೊಟ್ಟಣದ ಒಳಗಿರುವುದೂ ಹೊರಗೆ ಬರೆದಿರುವುದೂ ಒಂದೇ ಹೌದೋ ಅಲ್ಲವೋ ಎಂದು ನೋಡುವುದು, ಒಂದು ಚಿಟಿಕೆ ಎಳ್ಳು ಬಿದ್ದಿದ್ದರೂ ಅಲರ್ಜಿಯವರಿಗಾಗಿ ಬರೆಯಬೇಕು, ಬೀಳುವ ಸಂಭವವಿದ್ದರೂ ಬರೆಯಬೇಕು, ಹೋದ ತಿಂಗಳು ಸೋಯಾ ಎಂಬ ಒಂದೇ ಪದ ಬಿಟ್ಟುಹೋಗಿದೆಯೆಂದು ಇಡೀ ಪ್ಯಾಲೆಟ್ ಸರಕು ವಾಪಸ್ ತರಿಸಿದವಳು ಇವಳೇ — ಅಂಥವಳ ಮನೆಗೆ ನಿನ್ನೆ ಈ ಡಬ್ಬದಲ್ಲಿ ಬಂದದ್ದು ಐಸ್‌ಕ್ರೀಮಲ್ಲ, ಕುರಿಯಲ್ಲ, ಕುದುರೆ, ಅದನ್ನು ಹುರಿದು ಗಸಗಸೆ ಕಾಯಿ ಅರೆದು ಹಾಕಿ ಸಾರು ಮಾಡಿದ್ದಾಯಿತು, ಮುದ್ದೆಯ ಜೊತೆ ಉಂಡದ್ದೂ ಆಯಿತು, ಅಪ್ಪ ಎರಡು ಸಲ ಬಡಿಸಿಕೊಂಡು ಹೊರಗೆ ಮರದ ಹಲಗೆಯ ಡೆಕ್ಕಿನ ಬಿಸಿಲಿನಲ್ಲಿ ಕುರ್ಚಿಗೊರಗಿ ನಿದ್ದೆ ಹೋಗಿದ್ದಾರೆ. ಕುದುರೆ. ಅಂಗೈ ಯಾಕೋ ಕಡಿಯುತ್ತದೆ, ಸೋಪಿಗಿರಬೇಕು, ಇಲ್ಲ, ಸೋಪಿಗಲ್ಲ, ಒಂದು ಒದ್ದೆ ತುಟಿ ಅಲ್ಲಿ ಆಡಿದ ಹಾಗೆ, ಬೆಲ್ಲ ಹುಡುಕುವ ತುಟಿ, ಬೇಡ, ಈಗ ಬೇಡ ಅದು.

ಹತ್ತು ನಿಮಿಷವೂ ಆಗಿಲ್ಲ ಗೊತ್ತಾಗಿ, ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಬೇಲಿಯಾಚೆಯಿಂದ ಮೆಲೆ ಕೇಳಿದಳು, ಪಕ್ಕದ ಮನೆಯಾಕೆ, ಟೋಂಗಾ ದ್ವೀಪದವಳು, ಆರು ವರ್ಷದಿಂದ ಬೇಲಿಯ ಮೇಲಿಂದ ಇವಳಿಗೆ ಗೆಣಸು, ಅವಳಿಗೆ ಚಿತ್ರಾನ್ನ ಹೋಗಿ ಬಂದು ಮಾಡುತ್ತಲೇ ಇದೆ, ಹೇಗಿತ್ತು ಹಾರ್ಸ್, ನಿಮ್ಮ ಡ್ಯಾಡ್ ತಿಂದರಾ ಎಂದಳು, ಎಷ್ಟು ಸಲೀಸಾಗಿ ಎಂದರೆ ತನುಶ್ರೀ ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡೇ ಹ್ಞೂಂ ಎಂದುಬಿಟ್ಟಳು, ಆಮೇಲೆ ಕ್ಲಿಪ್ಪು ಕೆಳಗೆ ಬಿತ್ತು. ನಮ್ಮ ಚಿಕ್ಕಪ್ಪಂದೇ ಕುದುರೆ, ಹದಿನಾರು ವರ್ಷ ಸಾಕಿದ್ದು, ಮಕ್ಕಳನ್ನೆಲ್ಲ ಬೆನ್ನ ಮೇಲೆ ಕೂರಿಸಿಕೊಳ್ಳುತ್ತಿತ್ತು, ವಯಸ್ಸಾಗಿತ್ತು, ಅಣ್ಣನ ಐವತ್ತನೇ ಹುಟ್ಟುಹಬ್ಬಕ್ಕೆ ಅಂತ ಮನೆಯಲ್ಲೇ ಕೊಯ್ದರು, ತೆಂಗಿನಹಾಲಲ್ಲಿ ಬೇಯಿಸಿದರೆ ಬಾಯಲ್ಲಿ ಕರಗುತ್ತೆ, ಒಳ್ಳೇ ಭಾಗ ನಿಮಗೆ ಅಂತಲೇ ಎತ್ತಿಟ್ಟೆ — ಮೆಲೆಯ ಮುಖದಲ್ಲಿ ಕಪಟದ ಗಂಧವಿಲ್ಲ, ಹಬ್ಬದ ದಿನ ಒಬ್ಬಟ್ಟು ಕೊಟ್ಟು ಹೇಗಿತ್ತು ಎಂದು ಕೇಳುವ ಮುಖ. ಕೋಪ ಬರಬೇಕಾಗಿತ್ತು, ಬರಲಿಲ್ಲ, ಯಾರ ಮೇಲೆ ಬರಬೇಕು, ನಿನ್ನೆ ಇದೇ ಬೇಲಿಯ ಹತ್ತಿರ ಡಬ್ಬ ಈಸಿಕೊಳ್ಳುವಾಗ ಇವಳು ಕೇಳಿದ್ದು ಎರಡೇ ಮಾತು, ಬೀಫ್ ಅಲ್ಲ ತಾನೇ, ಅಲ್ಲ, ಪೋರ್ಕ್ ಅಲ್ಲ ತಾನೇ, ಅದೂ ಅಲ್ಲ, ಮುಗಿಯಿತು, ಪರೀಕ್ಷೆ ಪಾಸು. ಇಲ್ಲಿಗೆ ಬಂದ ಹದಿನಾಲ್ಕು ವರ್ಷದಲ್ಲಿ ಎಲ್ಲಿ ಹೋದರೂ ಅವೇ ಎರಡು, ಆಫೀಸಿನ ಬಾರ್ಬೆಕ್ಯೂನಲ್ಲಿ, ವಿಮಾನದಲ್ಲಿ, ಬಾಟನಿ ಡೌನ್ಸ್‌ನ ಮಾಲಿನಲ್ಲಿ, ಕನ್ನಡ ಕೂಟದವರೆಲ್ಲ ಕೇಳುವುದೂ ಅವೇ ಎರಡು, ಏನಲ್ಲ ಎಂದು ಗೊತ್ತಾದರೆ ಸಾಕು, ಏನು ಎಂದು ಯಾರೂ ಕೇಳುವುದಿಲ್ಲ. ಉಳಿದದ್ದು ಕುರಿಯೇ ಇರಬೇಕು, ಮನುಷ್ಯರಿಗಿಂತ ಕುರಿ ಜಾಸ್ತಿ ಇರುವ ದೇಶದಲ್ಲಿ ಇನ್ನೇನಿರುತ್ತದೆ.

ಸುಳಿವು ಇರಲಿಲ್ಲವೇ ಎಂದರೆ ಇತ್ತು, ಬೇಕಾದಷ್ಟಿತ್ತು, ಬಣ್ಣ ಕಡುಗೆಂಪು, ಕೊಬ್ಬಿನ ಎಳೆಯಿಲ್ಲ, ಕುಕ್ಕರ್ ಮೂರು ಸೀಟಿ ಹೆಚ್ಚು ಕೇಳಿತು, ಸಾರಿನ ತಳದಲ್ಲಿ ಒಂದು ತೆಳ್ಳನೆಯ ಸಿಹಿ, ಈರುಳ್ಳಿ ಜಾಸ್ತಿಯಾಯಿತೇನೋ ಎಂದುಕೊಂಡಳು, ಬಲಿತ ಕುರಿ, ಬೆಟ್ಟ ಹತ್ತಿ ಇಳಿದ ಕುರಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅಪ್ಪನಂತೂ ಬಾಯಿ ಚಪ್ಪರಿಸಿದರು, ಬಂದು ಐದು ವಾರವಾಗಿತ್ತು, ಒಂದು ದಿನವೂ ಮನಸಾರೆ ಉಂಡಿರಲಿಲ್ಲ, ಇಲ್ಲಿಯ ಮಾಂಸ ಕಂಡರೆ ಮೂಗು ಮುರಿಯುವುದು, ಏನಮ್ಮ ಇದು, ಪ್ಲಾಸ್ಟಿಕ್ ತಟ್ಟೇಲಿ ಸೋಪಿನ ಥರ ಕೂರ್ಸವ್ರೆ, ಯಾವ ಪ್ರಾಣಿನೋ, ಯಾವತ್ತು ಕುಯ್ದಿದ್ದೋ, ಬಾಲ ಎಲ್ಲಿ. ಬಾಲ, ಅದೊಂದು ಅಪ್ಪನ ಹಟ, ಮೈಸೂರಿನಲ್ಲಿ ಕಸಾಯಿ ಅಂಗಡಿಯವನು ಮೈಯೆಲ್ಲ ಸುಲಿದು ನೇತುಹಾಕಿದರೂ ಬಾಲದ ತುದಿಯಲ್ಲಿ ಕೂದಲು ಬಿಟ್ಟಿರುತ್ತಾನೆ, ಇದು ಮೇಕೆ, ಇದು ಕುರಿ, ನೋಡಿಕೊಳ್ಳಿ ಎಂದು ಗಿರಾಕಿಗೆ ಗೊತ್ತಾಗಲಿ ಅಂತ, ಅಪ್ಪ ಆ ಬಾಲವನ್ನು ಬೆರಳಲ್ಲಿ ಮುಟ್ಟಿ ನೋಡದೆ ಒಂದು ತುಂಡೂ ಮನೆಗೆ ತಂದವರಲ್ಲ, ಇಲ್ಲಿಯೂ ಬಾಟನಿಯ ಅಂಗಡಿಯಲ್ಲಿ ಫಿಜಿ ದೇಶದ ಒಬ್ಬ ಕಟುಕನ ಮುಂದೆ ನಿಂತು ವೇರ್ ಟೇಲ್, ವೇರ್ ಟೇಲ್ ಎಂದರು, ಅವನು ನಗುತ್ತ ಲೇಬಲ್ ತೋರಿಸಿದ, ಅಪ್ಪ ನಗಲಿಲ್ಲ, ಕಾಗದ ಯಾರು ಬೇಕಾದ್ರೂ ಅಂಟಿಸ್ಬೋದು ಕಣಪ್ಪ ಎಂದು ಕನ್ನಡದಲ್ಲೇ ಅವನಿಗೆ ಹೇಳಿ ಹೊರಗೆ ಬಂದರು. ಲೇಬಲ್ಲಿನಿಂದಲೇ ಅನ್ನ ತಿನ್ನುವ ಮಗಳಿಗೆ ಆಗ ಸ್ವಲ್ಪ ಚುರುಕೆಂದಿತ್ತು. ಅಂಥ ಅಪ್ಪ ಇವತ್ತು ಬಾಲವಿಲ್ಲ, ಲೇಬಲ್ಲಿಲ್ಲ, ಬರೀ ಮಗಳ ಮಾತಿನ ಮೇಲೆ ಉಂಡರು, ಹೋಮ್ ಕಿಲ್ ಅಂತೆ ಅಪ್ಪ, ಮನೇಲೇ ಕೊಯ್ದಿದ್ದು, ಅಂಗಡೀದಲ್ಲ, ಅವರದ್ದೇ ಹೊಲದ್ದು ಎಂದಳು, ಅದೊಂದು ಮಾತಿಗೆ ಅವರ ಮುಖ ಅರಳಿತು, ಹಂಗನ್ನು ಮತ್ತೆ, ಮೇದು ಬೆಳ್ದಿರೋ ಮಾಂಸ ಇದು, ಸಂಜೆಗೂ ಒಂಚೂರು ಇಡು ತನು.

ಇಟ್ಟಿದ್ದಾಳೆ, ಫ್ರಿಜ್ಜಿನಲ್ಲಿದೆ. ಕೈ ಒರೆಸಿಕೊಂಡು ಫ್ರಿಜ್ಜಿನ ಬಾಗಿಲು ತೆಗೆಯುತ್ತಾಳೆ, ಯಾಕೆ ಎಂದು ಅವಳಿಗೇ ಗೊತ್ತಿಲ್ಲ, ಸ್ಟೀಲ್ ಪಾತ್ರೆ ತಣ್ಣಗಾಗಿದೆ, ಮೇಲೆ ಕೆನೆಗಟ್ಟಿಲ್ಲ, ಕುರಿಯಾಗಿದ್ದರೆ ಇಷ್ಟೊತ್ತಿಗೆ ಬಿಳೀ ಪದರ ಕಟ್ಟುತ್ತಿತ್ತು, ಇದೂ ಒಂದು ಸುಳಿವು, ತಡವಾಗಿ ಬಂದದ್ದು. ಬೆರಳದ್ದಿ ನಾಲಿಗೆಗಿಟ್ಟುಕೊಳ್ಳುತ್ತಾಳೆ, ವಾಂತಿ ಬರಬಹುದು ಎಂದು ಸಿಂಕಿನ ಕಡೆ ಅರ್ಧ ತಿರುಗಿಯೇ ನಿಂತಿದ್ದಾಳೆ, ಬರುವುದಿಲ್ಲ, ಮಧ್ಯಾಹ್ನದ್ದೇ ರುಚಿ, ಚೆನ್ನಾಗಿಯೇ ಇದೆ, ನಾಲಿಗೆಗೆ ಆಗಲೂ ಗೊತ್ತಾಗಲಿಲ್ಲ, ಈಗಲೂ ಗೊತ್ತಾಗುತ್ತಿಲ್ಲ, ಹಾಗಾದರೆ ಅಸಹ್ಯ ಇರುವುದೆಲ್ಲಿ, ಹೊಟ್ಟೆಯಲ್ಲೋ, ಕಿವಿಯಲ್ಲೋ, ಮೆಲೆ ಆ ಪದ ಆಡದಿದ್ದರೆ ಇವಳು ಈ ಹೊತ್ತಿಗೆ ಬಟ್ಟೆ ಒಣಹಾಕಿ ಮುಗಿಸಿರುತ್ತಿದ್ದಳು. ಕುರಿಮರಿಗೂ ಕಣ್ಣಿದೆ, ರೆಪ್ಪೆಯಿದೆ, ಕಾರಿನ ಕಿಟಕಿಯಿಂದ ಅಯ್ಯೋ ಎಷ್ಟು ಮುದ್ದಾಗಿದೆ ಎಂದು ಫೋಟೋ ತೆಗೆದು ಅದೇ ಸಂಜೆ ಚಾಪ್ಸ್ ತಿಂದದ್ದಿಲ್ಲವೇ, ಮೆಲೆಯ ಮನೆಯವರಿಗೆ ಕುದುರೆ ಹಬ್ಬದ ಅಡುಗೆ, ಬೀದಿ ತುದಿಯ ಪಂಜಾಬಿನವರಿಗೆ ಮೊಟ್ಟೆಯೂ ಆಗದು, ಇವಳ ಆಫೀಸಿನ ಬಿಳಿಯ ಹುಡುಗಿ ಮೊಲ ತಿನ್ನುತ್ತಾಳೆ, ಕುದುರೆ ಎಂದರೆ ಮಾತ್ರ ಕಣ್ಣೀರು ಹಾಕುತ್ತಾಳೆ, ಗೆರೆ ಎಳೆದವರು ಯಾರು, ಗೆರೆ ಎಲ್ಲಿಂದ ಶುರುವಾಗುತ್ತದೆ. ಹೆಸರಿನಿಂದ ಇರಬಹುದು, ಹೆಸರಿಟ್ಟು ಕೂಗಿದ್ದನ್ನು ತಿನ್ನಲಾಗುವುದಿಲ್ಲ ಎಂದುಕೊಳ್ಳುತ್ತಾಳೆ, ಆದರೆ ಮೆಲೆಯ ಚಿಕ್ಕಪ್ಪ ಹದಿನಾರು ವರ್ಷ ಸಾಕಿದ ಕುದುರೆಗೆ ಹೆಸರಿಡದೆ ಇದ್ದಿರುತ್ತಾನೆಯೇ, ಮಕ್ಕಳನ್ನೆಲ್ಲ ಬೆನ್ನ ಮೇಲೆ ಕೂರಿಸಿಕೊಳ್ಳುತ್ತಿತ್ತು ಎಂದಳಲ್ಲ. ಇವಳು ಹೆಸರು ಕೇಳಲಿಲ್ಲ.

ಚುಕ್ಕಿ. ಕಂದು ಬಣ್ಣ, ಹಣೆಯ ಮೇಲೆ ಬಿಳಿಯ ಬೊಟ್ಟು, ಮೈಸೂರಿನಲ್ಲಿ ಅಪ್ಪ ಜಟಕಾ ಹೊಡೆಯುತ್ತಿದ್ದ ಕಾಲದ ಕುದುರೆ, ಬಾಡಿಗೆಗೆ ಹೋಗುವ ಮುಂಚೆ ಬೆಳಿಗ್ಗೆ ಅಪ್ಪ ಇವಳ ಅಂಗೈಯಲ್ಲಿ ಅಚ್ಚುಬೆಲ್ಲದ ಚೂರಿಡುತ್ತಿದ್ದರು, ಬೆರಳು ಮಡಿಸ್ಬೇಡ, ಕೈ ತಟ್ಟೆ ಥರ ಇಟ್ಕೊ, ಚುಕ್ಕಿಯ ತುಟಿ ಬಂದು ಬೆಲ್ಲವನ್ನು ಎತ್ತಿಕೊಳ್ಳುತ್ತಿತ್ತು, ಹಲ್ಲು ತಾಗದ ಹಾಗೆ, ಅಷ್ಟು ದೊಡ್ಡ ಪ್ರಾಣಿಗೆ ಅಷ್ಟು ನಾಜೂಕು. ಆಟೋಗಳು ಬಂದವು, ಪ್ರವಾಸಿಗಳೂ ಜಟಕಾ ಹತ್ತುವುದು ಕಡಿಮೆಯಾಯಿತು, ಇವಳಿಗೆ ಏಳು ವರ್ಷ, ಒಂದು ಬೆಳಿಗ್ಗೆ ಚುಕ್ಕಿ ಬಾಗಿಲಲ್ಲಿ ಗಾಡಿಯಿಲ್ಲದೆ ಬರೀ ಹಗ್ಗದಲ್ಲಿ ನಿಂತಿತ್ತು, ಒಬ್ಬ ಗುರುತಿಲ್ಲದ ಮನುಷ್ಯ ಹಗ್ಗ ಹಿಡಿದಿದ್ದ, ಅಪ್ಪ ಬೆಲ್ಲ ಕೊಟ್ಟು ತಿನ್ಸು ಹೋಗು ಎಂದರು, ಚೂರಲ್ಲ, ಇಡೀ ಅಚ್ಚು, ಬೆಲ್ಲ ಮುಗಿದ ಮೇಲೂ ತುಟಿ ಅಂಗೈಯನ್ನು ಬಿಡಲಿಲ್ಲ. ಎಲ್ಲಿಗೆ ಹೋಯ್ತಪ್ಪ ಎಂದು ಕೇಳಿದ್ದಳು. ಒಳ್ಳೆ ಮನೆಗೆ ಕಣಮ್ಮ. ಅಷ್ಟೇ, ಮೂವತ್ತೊಂದು ವರ್ಷ ಆ ಒಳ್ಳೆಯ ಮನೆ ಅವಳ ತಲೆಯಲ್ಲಿ ಹುಲ್ಲಿನ ಮೆದೆಯ ಸಮೇತ ನಿಂತಿತ್ತು, ಯಾರ ಮನೆ ಎಂದು ಕೇಳಿರಲಿಲ್ಲ. ಈಗ ಹೇಳುವುದೇ, ಬಿಡುವುದೇ. ಹೇಳದಿದ್ದರೆ ಸಂಜೆ ಸಾರು ಬಿಸಿ ಮಾಡಿ ಅವರ ಮುಂದೆ ಇಡಬೇಕು, ನೋಡುತ್ತ ಕೂರಬೇಕು, ಚೆಲ್ಲಿ ಬೆಕ್ಕು ಬಾಯಿ ಹಾಕಿತು ಎನ್ನಬಹುದು, ಆದರೆ ಇವರ ಮನೆಯಲ್ಲಿ ಬೆಕ್ಕಿಲ್ಲ, ಹೇಳಿದರೆ ಈ ಮನುಷ್ಯ ಇನ್ನು ನನ್ನ ಕೈಯ ಊಟ ಉಂಡಾರೆಯೇ, ಒಬ್ಬಳನ್ನು ನಂಬಿ ಉಂಡರು, ಅವಳೂ ಹೀಗೆ ಮಾಡಿದಳು ಎಂದು ಕೈ ತೊಳೆದುಕೊಂಡು ಎದ್ದುಬಿಟ್ಟರೆ. ಧೀರಜ್ ಇದ್ದಿದ್ದರೆ ಕೇಳಬಹುದಾಗಿತ್ತು, ಮಗಳನ್ನು ಕರೆದುಕೊಂಡು ಹೆಂಡರ್ಸನ್‌ಗೆ ಬರ್ತ್‌ಡೇ ಪಾರ್ಟಿಗೆ ಹೋಗಿದ್ದಾನೆ, ಇದ್ದಿದ್ದರೂ ಬಿಡು ಮಾರಾಯ್ತಿ ಜೀರ್ಣ ಆಗಿದೆ ಎನ್ನುತ್ತಿದ್ದ, ಗಂಡನ ಸ್ವಭಾವ ಗೊತ್ತಿಲ್ಲವೇ.

ಖಾಲಿ ಡಬ್ಬ ಹಿಂದಿರುಗಿಸಬಾರದು, ಮೆಲೆಗೆ ರವೆ ಉಂಡೆ ತುಂಬಿಸಿ ಕೊಡಬೇಕು ಎಂದು ಡಬ್ಬ ಒರೆಸುತ್ತ ಡೆಕ್ಕಿಗೆ ಬಂದು ನಿಲ್ಲುತ್ತಾಳೆ, ಅಪ್ಪ ಎದ್ದಿದ್ದಾರೆ, ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತಿದ್ದಾರೆ, ಒಂದು ಲೋಟ ಕಾಫಿ ಕೊಡ್ತೀಯಾ ಎನ್ನುತ್ತಾರೆ, ಅವಳು ಅಪ್ಪ, ಮಧ್ಯಾಹ್ನ ತಿಂದಿದ್ದು ಕುರಿ ಅಲ್ಲ, ಕುದುರೆ, ನಂಗೂ ಈಗ್ಲೇ ಗೊತ್ತಾಗಿದ್ದು ಎಂದುಬಿಡುತ್ತಾಳೆ, ಒಂದೇ ಉಸಿರಿಗೆ. ಅಪ್ಪನ ಬೆರಳು ಗುಂಡಿಯ ಮೇಲೆಯೇ ನಿಂತಿತು. ಬಯ್ಯಲಿಲ್ಲ. ಬೇಲಿಯಾಚೆ ನೋಡಿದರು, ಮೆಲೆಯ ಮನೆಯಲ್ಲಿ ರೇಡಿಯೋ ಹಾಡುತ್ತಿತ್ತು, ಆಕೆ ಸುಳ್ಳು ಹೇಳುದ್ಲಾ ಎಂದು ಕೇಳಿದರು. ಇಲ್ಲ ಅಪ್ಪ, ದನ ಅಲ್ಲ ತಾನೇ ಅಂದೆ, ಹಂದಿ ಅಲ್ಲ ತಾನೇ ಅಂದೆ, ಎರಡಕ್ಕೂ ಅಲ್ಲ ಅಂದ್ಳು. ಮತ್ತೆ ನಿಜಾನೇ ಹೇಳವ್ಳೆ ಬಿಡು. ಗುಂಡಿ ಹಾಕಿ ಮುಗಿಸಿ ಕೇಳಿದರು, ಅದ್ರ ಹೆಸರೇನಂತೆ. ಕೇಳ್ಲಿಲ್ಲ ಅಪ್ಪ. ಕೇಳ್ಬೇಕಿತ್ತು ಎಂದರು, ಮಗಳಿಗೆ ಹೇಳಿದ ಹಾಗಿರಲಿಲ್ಲ, ಆಮೇಲೆ ನಿಧಾನವಾಗಿ, ನಾನೂ ಎರಡೇ ಕೇಳಿದ್ದು ಕಣಮ್ಮ, ಚುಕ್ಕಿನ ತಗೊಳಕ್ಕೆ ಬಂದಿದ್ನಲ್ಲ ಅವ್ನ, ಹೊಡೆಯಲ್ಲ ತಾನೇ ಅಂದೆ, ಇಲ್ಲ ಅಂದ, ಗಾಡಿ ಎಳ್ಸಲ್ಲ ತಾನೇ, ವಯಸ್ಸಾಗದೆ ಅದ್ಕೆ ಅಂದೆ, ಇಲ್ಲ ಸ್ವಾಮಿ, ಖಂಡಿತ ಎಳ್ಸಲ್ಲ ಅಂದ, ಬೀದಿ ತಿರುವಿನವರ್ಗೂ ನಾನೇ ನಡೆಸ್ಕೊಂಡು ಹೋದೆ, ಅಲ್ಲಿ ಲಾರಿ ನಿಂತಿತ್ತು, ಒಳ್ಗಡೆ ಇನ್ನೂ ಏಳೆಂಟು ಇದ್ವು, ಎಲ್ಲಾ ಮುದಿಯವೇ, ಎಲ್ಲಿಗೆ ಅಂತ ನಾನು ಬಾಯಿ ಬಿಡ್ಲಿಲ್ಲ. ಅವತ್ತಿಂದ ಬಾಲ ನೋಡ್ದೆ ಒಂದು ಚೂರೂ ತಿಂದಿರ್ಲಿಲ್ಲ ತನು ನಾನು, ಇವತ್ತೇ.

ಹೌದು, ಅದಕ್ಕೆ ಮುಂಚೆ ಅಂಗಡಿಗೆ ಹೋಗುತ್ತಿದ್ದದ್ದು ಅಮ್ಮ, ಚುಕ್ಕಿ ಹೋದ ವಾರದಿಂದ ಅಪ್ಪ, ಬೆರಳಲ್ಲಿ ಬಾಲ ಮುಟ್ಟಿ ನೋಡುವ ಅಪ್ಪ, ಬೀದಿಯವರೆಲ್ಲ ಅನುಮಾನದವ ಎಂದು ನಗುತ್ತಿದ್ದರು, ಇವಳೂ ನಕ್ಕಿದ್ದಳು, ಬಾಟನಿಯ ಆ ಅಂಗಡಿಯಲ್ಲಿ ನಾಚಿಕೆಯಿಂದ ಕುಗ್ಗಿಹೋಗಿದ್ದಳು, ಕುರಿಯೆಂದು ಏನು ತಟ್ಟೆಗೆ ಬಂದೀತೋ ಎಂಬ ಎಂಥ ಭಯ ಹೊತ್ತುಕೊಂಡು ಬದುಕಿದ ಮನುಷ್ಯ ಇದು, ಕಾಫಿ ಇಡಬೇಕು, ಉಂಡೆ ತುಂಬಿಸಬೇಕು, ಬೇಲಿಯ ಹತ್ತಿರ ಹೋಗಿ ಮೆಲೆಯನ್ನು ಹೆಸರು ಕೇಳಬೇಕು, ಮೂರನೆಯ ಮಾತು, ಡಬ್ಬ ಇನ್ನೂ ಎಡಗೈಯಲ್ಲಿದೆ, ಅರ್ಧ ಚೀಟಿ ಇನ್ನೂ ಅಂಟಿಕೊಂಡಿದೆ, ಹಾಲಿನ ಪುಡಿ, ಸಕ್ಕರೆ, ಬಲಗೈ ತಾನಾಗಿ ಬಿಚ್ಚಿಕೊಂಡಿದೆ, ಬೆರಳು ಮಡಿಸದೆ, ತಟ್ಟೆಯ ಹಾಗೆ, ಬೆಲ್ಲ ಮುಗಿದಿದೆ, ತುಟಿ ಇನ್ನೂ ಹುಡುಕುತ್ತಿದೆ —